ಪಿಯಾನೊಗೆ ಬಂದ ಆನೆ

ಪಾಳ್ಯದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರೂ ಅವರ ಮಗನೂ ದೊಡ್ಡ ಸಭೆಗಳಲ್ಲಿ ಕಛೇರಿ ಕೊಟ್ಟ ಪಿಯಾನೊ ವಾದಕರು. ಮಗ ಏನು ನುಡಿಸಿದರೂ ತಂದೆ ಕಿವಿ ತುರಿಸಿಕೊಂಡು, "ಇನ್ನೂ ಬಂದಿಲ್ಲ ಕಣೋ" ಎನ್ನುತ್ತಿದ್ದರು. ಅದಕ್ಕೆ ಸಾಕ್ಷಿ ಒಂದು ಕಾಡಾನೆ. ತಾವು ನುಡಿಸಿದರೆ ಅದು ಗದ್ದೆಯಲ್ಲಿ ನಿಂತು ಕೇಳುತ್ತದಂತೆ. ಆಮೇಲೆ ಮಗ ಕೂತರೆ ಹೊರಟುಹೋಗುತ್ತದಂತೆ.

ಹೊಟ್ಟೆ ತುಂಬಿದ ಆನೆ ಹೋಗದೆ ಇನ್ನೇನು ಮಾಡೀತು ಎಂದು ನಾನು ವಾದಿಸಿದೆ. ಊರು ನಂಬಿದ್ದು ಯಜಮಾನರನ್ನು. ಭತ್ತ ತೆನೆಗಟ್ಟಿದಾಗ ಜನ ಮಗನ ಮುಂದೆ ಕೈಮುಗಿದು ನಿಂತರು: "ಪಟಾಕಿಗೂ ಹೆದರ್ತಿಲ್ಲ ಚಿಕ್ಕೆಜಮಾನ್ರೇ. ನಿಮ್ ಗದ್ದೆ ಮುಗ್ಸಿ ನಮ್ದಕ್ಕೆ ಬತ್ತದೆ. ನೀವೊಸಿ ಬಾರ್ಸಿದ್ರೆ ಓಡೋಗ್ಬುಡ್ತದೆ."

ಮಗ ಅವಮಾನ ನುಂಗಿಕೊಂಡು ಪಿಯಾನೊ ಮುಂದೆ ಕೂತ. ಸಂಜೆ ಆನೆ ಬಂತು. ಅವನು ನುಡಿಸತೊಡಗಿದ. ಆನೆ ಕಿವಿ ಬೀಸುವುದನ್ನೂ ಬಿಟ್ಟು ನಿಂತಿತು. ಆಮೇಲೆ ಕದಲದೆ ಅಲ್ಲೇ ತೆನೆ ಮೇಯತೊಡಗಿತು. "ನಿಲ್ಸಿ ಮಾರಾಯ್ರೇ, ನಿಲ್ಸಿ!" ಎಂದು ಬೇಲಿಯಾಚೆ ಜನ ಬೊಬ್ಬೆ ಹೊಡೆದರು. ನನ್ನ ವಾದ ಗೆದ್ದಿತ್ತು, ಹೇಳಿದರೆ ಕೇಳುವವರಿರಲಿಲ್ಲ.

ಮಗ ಪಿಯಾನೊ ಮೇಲಿಂದ ಕೈ ಎತ್ತಿದ. ತಂದೆ ಬಂದು ಅವನ ಪಕ್ಕ ಬೆಂಚಿನ ತುದಿಯಲ್ಲಿ ಕೂತರು. ಕಿಟಕಿಯಾಚೆ ಗದ್ದೆ ಬರಿದಾಗುತ್ತಿತ್ತು.

"ಹೋದ್ರೆ ನನ್ ಭತ್ತ ತಾನೆ, ಹೋಗ್ಲಿ" ಎಂದರು. "ನೀನು ನುಡಿಸು ಮಗಾ."