ಮುಚ್ಚಳದ ಒಳಮೈ

ವಾಚಿನ ಕೇಸನ್ನು ಜನ ಹೊರಗಿನಿಂದ ನೋಡುತ್ತಾರೆ. ಹೊಳೆಯುತ್ತಿದೆಯೇ, ಚಿನ್ನದ ನೀರು ಹೋಗಿದೆಯೇ, ಅಷ್ಟೇ. ದೇವರಾಜ ಮೊಹಲ್ಲಾದ ಗೂಡಂಗಡಿಯೊಂದರಲ್ಲಿ ನಲವತ್ತು ವರ್ಷ ವಾಚ್ ರಿಪೇರಿ ಮಾಡಿದ ನಾನು ನೋಡುತ್ತಿದ್ದದ್ದು ಒಳಗಡೆ. ಹಿಂದಿನ ಮುಚ್ಚಳ ಬಿಚ್ಚಿದರೆ ಅದರ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಸಣ್ಣ ಅಕ್ಷರಗಳಿರುತ್ತಿದ್ದವು. ಯಾವಾಗ ಬಿಚ್ಚಿದ್ದು, ಬಿಚ್ಚಿದವನು ಯಾರು ಎಂಬುದರ ಗುರುತು. ಮುಂದೆ ಬಿಚ್ಚುವವನಿಗೆ ಮಾತ್ರ ಕಾಣುವ ಬರವಣಿಗೆ ಅದು. ನಾನೂ ಬಿಚ್ಚಿದ ಪ್ರತಿಯೊಂದು ವಾಚಿಗೂ ಗೀಚಿದ್ದೇನೆ.

ನನ್ನ ಹೆಂಡತಿಯ ವಾಚಿನಲ್ಲಿ ನನ್ನ ಗುರುತುಗಳು ಹದಿನೇಳಿದ್ದವು. ಮೊದಲನೆಯದು, ಅವಳು ಗಿರಾಕಿಯಾಗಿ ಬಂದು, ನೀರು ಹೊಕ್ಕಿದ್ದ ಆ ವಾಚನ್ನು ನನ್ನ ಮುಂದಿಟ್ಟು, "ಸಾಯಂಕಾಲಕ್ಕೇ ಬೇಕು, ಆಗುತ್ತೋ ಇಲ್ವೋ ಹೇಳ್ರೀ" ಎಂದು ಜೋರು ಮಾಡಿದ ದಿನದ್ದು. ಉಳಿದವು ಮದುವೆಯಾದ ಮೇಲಿನವು. ನಾವು ಒಬ್ಬರಿಗೊಬ್ಬರು ಕಾಗದ ಬರೆದುಕೊಂಡವರಲ್ಲ. ಅವಳಿಗಾಗಿ ನಾನು ಬರೆದದ್ದು ಅಂತ ಇದ್ದದ್ದು ಆ ಮುಚ್ಚಳವೊಂದೇ.

ಈಗ ನನ್ನ ಕೈ ನಡುಗುತ್ತದೆ. ಹಾಗಾಗಿ ಹೋದ ತಿಂಗಳು ಆ ವಾಚು ನಿಂತಾಗ ಸೊಸೆ ಅದನ್ನು ಕುವೆಂಪುನಗರದ ಥಳಥಳಿಸುವ ಅಂಗಡಿಯೊಂದಕ್ಕೆ ಕೊಟ್ಟು ರಿಪೇರಿ ಮಾಡಿಸಿಕೊಂಡು ಬಂದಳು. ಹೆಂಡತಿ ಕಟ್ಟಿಕೊಂಡು ಖುಷಿಪಟ್ಟಳು. ನನಗೆ ಅನುಮಾನ. ಸೊಸೆಯ ಕೈಲೇ ಮುಚ್ಚಳ ತೆಗೆಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದೆ. ಬೆಳಗಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಒಂದು ಗೀರೂ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಆಗಲೇ ಆಟೋ ಹಿಡಿದು ಹೋಗಿ ಮುಚ್ಚಳವನ್ನು ಅಂಗಡಿಯವನ ಮುಂದಿಟ್ಟೆ. ಅವನು ನಗುನಗುತ್ತಲೇ ಹೇಳಿದ: "ಯಾರೋ ತಲೆಕೆಟ್ಟವ್ನು ಒಳ್ಗಡೆ ಎಲ್ಲಾ ಗೀಚಿ ಹಾಳ್ಮಾಡ್ಬುಟ್ಟಿದ್ದ ಸಾರ್. ಪಾಲಿಶ್ ಹೊಡ್ದು ಕ್ಲೀನ್ ಮಾಡಿದ್ದೀನಿ. ಅದಕ್ಕೇನೂ ಚಾರ್ಜ್ ಹಾಕಿಲ್ಲ."

"ಆ ತಲೆಕೆಟ್ಟವ್ನು ನಾನೇ ಕಣಪ್ಪ" ಎಂದೆ.

ಅವನ ಮುಖ ಪೆಚ್ಚಾಯಿತು. ಆದರೂ ಸುಮ್ಮನಾಗಲಿಲ್ಲ. "ಏನ್ ಬರ್ದಿತ್ತು ಹೇಳಿ ಸಾರ್, ಮೆಷಿನ್ನಲ್ಲಿ ಹಾಕ್ಸಿ ಕೊಡ್ತೀನಿ. ಇನ್ನೂ ನೀಟಾಗಿರುತ್ತೆ."

ನನ್ನ ಸಂಸಾರದ ಅಷ್ಟೂ ವರ್ಷವನ್ನು ನಾನು ಇವನಿಗೆ ಒಪ್ಪಿಸಬೇಕಂತೆ, ಇವನ ಮೆಷಿನ್ನು ಅದನ್ನು ನನಗಿಂತ ನೀಟಾಗಿ ಬರೆಯುತ್ತದಂತೆ. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಕಸುಬಿನ ಬುದ್ಧಿ ಮಾತ್ರ ಬಿಡಲಿಲ್ಲ. "ಅದಿರ್ಲಿ. ನೀನೂ ಬಿಚ್ಚಿ ರಿಪೇರಿ ಮಾಡಿದ್ದೀಯಲ್ಲ, ನಿನ್ನ ಗುರುತೆಲ್ಲಪ್ಪ?" ಎಂದು ಕೇಳಿದೆ.

"ನಾವ್ ಯಾವುದಕ್ಕೂ ಹಾಕಲ್ಲ ಸಾರ್. ಹಾಕುದ್ರೆ, ನಾಳೆ ಏನಾದ್ರೂ ಆದ್ರೆ ನಮ್ಮನ್ನೇ ಹಿಡ್ಕೊತಾರಲ್ಲ."

"ಹಿಡ್ಕೊಳ್ಲಿ ಅಂತಾನೇ ಕಣಪ್ಪ ನಾವು ಗೀಚ್ತಿದ್ದಿದ್ದು" ಎಂದು ಮುಚ್ಚಳವನ್ನು ಎತ್ತಿಕೊಂಡು ಮೆಟ್ಟಿಲಿಳಿದೆ.