ತೊಲೆಯ ಮೇಲಿನ ಒಂಬತ್ತು

ಅವತ್ತೇ ಒಪ್ಪಿಕೊಳ್ಳಬೇಕಿತ್ತು, ಒಪ್ಪಿಕೊಳ್ಳಲಿಲ್ಲ. ಅಣ್ಣನ ಎದುರು ಸುಳ್ಳು ಹೇಳಿಬಿಟ್ಟೆ. ದೆವ್ವ, ಗಾಳಿ ಎನ್ನುವವರನ್ನು ಕಂಡರೆ ನಗುತ್ತಿದ್ದವನು ನಾನು. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ.

ನಾವಿಬ್ಬರೂ ಮದರಾಸಿನಲ್ಲೇ ಹುಟ್ಟಿ ಬೆಳೆದ ಬಡಗಿಗಳು. ಅಲ್ಲಿನ ಗಿಂಡಿ ಬಡಾವಣೆಯ ಹತ್ತಿರದ ಹಳೇ ತೋಟವೊಂದರಲ್ಲಿ, ಯಾವನೋ ಇಂಗ್ಲಿಷ್ ದೊರೆ ತನ್ನ ಊರಿನ ಮಾದರಿಯಲ್ಲೇ ಕಟ್ಟಿಸಿದ ಕಣಜವಿತ್ತು. ಎದುರುಬದುರು ಎರಡು ಎತ್ತರದ ಬಾಗಿಲು, ನಡುವೆ ಒಕ್ಕುವ ಕಣ. "ಅವರ ದೇಶದಲ್ಲಿ ಬಯಲಲ್ಲಿ ಒಕ್ಕಿದ್ರೆ ಮಳೆಗೆ ಕಾಳು ನೆನೆದುಹೋಗುತ್ತೆ ಕಣೋ, ಅದಕ್ಕೇ ಕಣಾನೇ ಒಳಗೆ. ಎರಡೂ ಬಾಗಿಲು ತೆಗೆದ್ರೆ ಗಾಳಿಗೆ ಹೊಟ್ಟು ಹಾರುತ್ತೆ" ಎಂದು ಅಣ್ಣ ಮೊದಲ ದಿನವೇ ಹೇಳಿದ್ದ. ಚಾವಣಿಗೆ ಒಂದು ಕಬ್ಬಿಣದ ಮೊಳೆಯಿಲ್ಲ, ಎಲ್ಲ ಮರದ ಗೂಟ. ಒಂದೊಂದು ತೊಲೆಯೂ ತನ್ನ ಕಂಬಕ್ಕೆ ಮಾತ್ರ ಕೂರುವಂಥದ್ದು.

ಅದನ್ನು ಬಿಚ್ಚಿ, ಹುಳುಕು ತೆಗೆದು, ಮತ್ತೆ ಅಲ್ಲೇ ನಿಲ್ಲಿಸುವ ಕೆಲಸ. ಅಪ್ಪನ ಕಾಲದಿಂದಲೂ ನಾವು ಮರಕ್ಕೆ ಕನ್ನಡ ಅಂಕಿಯನ್ನೇ ಬರೆಯುವುದು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ತಮಿಳು ಸ್ಕೂಲಿನಲ್ಲಿ. ೬ ಮತ್ತು ೯ ನನಗೆ ಯಾವಾಗಲೂ ಅದಲುಬದಲು. ಆರನೇ ತೊಲೆಗೆ ಸೀಮೆಸುಣ್ಣದಲ್ಲಿ ೯ ಎಂದು ಬರೆದೆ. ಅಣ್ಣ ಅದನ್ನು ಒಂಬತ್ತನೇ ಕಂಬಕ್ಕೆ ಏರಿಸಿದ. ಕೂರಲಿಲ್ಲ. ಮರ ಉಬ್ಬಿರಬೇಕೆಂದು ತುದಿ ಕೆತ್ತಿದ. ಅಷ್ಟು ಹಳೇ ತೇಗ ಹಾಳಾಯಿತು.

ತಪ್ಪು ಹೊಳೆದ ಕೂಡಲೇ, ಯಾರೂ ನೋಡುವ ಮೊದಲು, ಅಂಕಿ ಒರೆಸಿ ೬ ಎಂದು ತಿದ್ದಿದೆ.

"ಕಣ್ಣು ಕಾಣದವನಿಗೆ ಉಳಿ ಯಾಕಯ್ಯಾ?" ಎಂದು ನಮ್ಮ ತಮಿಳು ಮೇಸ್ತ್ರಿ ತನ್ನ ಭಾಷೆಯಲ್ಲಿ ಎಲ್ಲರೆದುರು ಹಂಗಿಸಿದ. ಅಣ್ಣ ತೊಲೆಯ ಹತ್ತಿರ ಮುಖ ತಂದು ನೋಡಿದ. "ನಾನು ಒಂಬತ್ತು ಅಂತ ಓದಿದ್ನಲ್ಲೋ?"

"ವಯಸ್ಸಾಯ್ತಲ್ಲಣ್ಣ" ಎಂದೆ. ಮರುದಿನದಿಂದ ಅವನು ಉಳಿ ಮುಟ್ಟಲಿಲ್ಲ, ಕೆಲಸಕ್ಕೂ ಬರಲಿಲ್ಲ.

ವಾರ ಕಳೆದಿರಬೇಕು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ನೆಲದ ಮೇಲಿದ್ದ ಆ ತೊಲೆಯಲ್ಲಿ, ೬ರ ಪಕ್ಕ ೯ ಬೆಳ್ಳಗೆ ಕಾಣುತ್ತಿತ್ತು. ನನ್ನದೇ ಸೊಟ್ಟ ಬರಹ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಯಿತು. ಮರ ಒಣಗಿದಂತೆ ಮತ್ತೆ ಬಂತು. ಸೋಪು ಹಾಕಿ ಉಜ್ಜಿದೆ, ಮತ್ತೆ ಬಂತು. ರೇಗಿಹೋಗಿ ಉಜ್ಜುಗೊರಡು ಹಿಡಿದು ಮೇಲ್ಪದರವನ್ನೇ ಹೆರೆದೆ. ಹೆರೆದ ಮರದ ಕೆಳಗೂ ಅದೇ ೯! "ಏನು ಬೇಕು ನಿನಗೆ?" ಎಂದು ಕಿರುಚಿ ಉಜ್ಜುಗೊರಡನ್ನು ಎಸೆದೆ.

ಸದ್ದಿಗೆ ಓಡಿಬಂದ ಮೇಸ್ತ್ರಿಗೆ ಬೆರಳಿಟ್ಟು ತೋರಿಸಿದೆ. "ಇಂಗೆ ಒಣ್ಣುಮೇ ಇಲ್ಲೆಯೇಪ್ಪಾ" ಎಂದ. ಅವನಿಗೆ ಅಲ್ಲಿ ಏನೂ ಕಾಣಲಿಲ್ಲ.

ಹಳೇ ತೇಗ ಸೀಮೆಸುಣ್ಣ ಹೀರಿಕೊಂಡು, ಒಣಗಿದಾಗ ಮತ್ತೆ ತೋರಿಸುತ್ತದೆ ಎಂದು ಆಮೇಲೆ ಯಾರೋ ಹೇಳಿದರು. ಹಾಗಾದರೆ ಮೇಸ್ತ್ರಿಗೆ ಏಕೆ ಕಾಣಲಿಲ್ಲ? ಎಷ್ಟು ತಲೆ ಕೆಡಿಸಿಕೊಂಡರೂ ಇಂದಿಗೂ ತಿಳಿದಿಲ್ಲ.

ಮರುದಿನ ಅಣ್ಣನನ್ನು ಬಲವಂತವಾಗಿ ಕರೆತಂದೆ. ಅವನು ತೊಲೆಯ ಮೇಲೆ ಬಗ್ಗಿದ. ಏನು ಕಂಡಿತೋ, ನಾನು ಇವತ್ತಿನವರೆಗೂ ಕೇಳಿಲ್ಲ. ಅವನು ತಲೆಯೆತ್ತುವಷ್ಟರಲ್ಲಿ ನನ್ನ ಬಾಯಿಂದ ಮಾತು ಹೊರಬಿದ್ದಿತ್ತು.

"ಅಣ್ಣಾ, ಒಂಬತ್ತು ಬರೆದೋನೂ ನಾನೇ, ಒರೆಸಿದೋನೂ ನಾನೇ. ನಿನ್ನ ಕಣ್ಣು ಸರಿಯಾಗೇ ಇದೆ. ತಪ್ಪಾಯ್ತಣ್ಣಾ, ನನ್ನ ಕ್ಷಮಿಸು."