ಮೊಣಕೈ ಅಸುಂತಾ

ಬ್ರೂಕ್ಲಿನ್ನಿನ ಹದಿನೆಂಟನೇ ಅವೆನ್ಯೂದಲ್ಲಿ ಅಸುಂತಾ ಮನೆ ಎಲ್ಲಿ ಎಂದರೆ ಯಾವ ಅಸುಂತಾ ಎಂದು ಕೇಳುತ್ತಾರೆ. ಮೊಣಕೈ ಅಸುಂತಾ ಎನ್ನಿ, ಅವಳ ಹೇರ್ ಸಲೂನಿನ ಬಾಗಿಲ ತನಕ ಬಂದು ಬಿಟ್ಟುಹೋಗುತ್ತಾರೆ. ಈ ಬಿರುದನ್ನು ಅವಳೇನೂ ಕೇಳಿ ಪಡೆದದ್ದಲ್ಲ. ಡಿಸ್ಕೊ ಹುಚ್ಚು ಎಲ್ಲರ ನೆತ್ತಿಗೇರಿದ್ದ ಕಾಲದಲ್ಲಿ ಆ ಬಡಾವಣೆಯಲ್ಲೇ ಒಂದು ಕುಣಿತದ ಸಿನಿಮಾ ತೆಗೆದರು. ಹೀರೋ ಹಿಂದೆ ಕುಣಿಯಲು ಮಂದಿ ಬೇಕು ಎಂದು ಬೀದಿಯ ಹುಡುಗ ಹುಡುಗಿಯರನ್ನೇ ಕರೆದರು. ಇಪ್ಪತ್ತರ ಅಸುಂತಾ ಚರ್ಚಿನಲ್ಲಿ ಜಪಮಾಲೆ ಇದೆ ಎಂದು ಅಪ್ಪನಿಗೆ ಹೇಳಿ ಹೋಗಿ, ಮನಸೋಇಚ್ಛೆ ಕುಣಿದು ಬಂದಳು.

ಸಿನಿಮಾ ಥಿಯೇಟರಿಗೆ ಬಂದಾಗ, ಅದರಲ್ಲಿ ಪೋಲಿ ಮಾತಿದೆಯೆಂದು ತಿಳಿದ ಅಪ್ಪ, ಆ ಕಡೆ ತಲೆ ಹಾಕಿದರೆ ಕಾಲು ಮುರಿಯುತ್ತೇನೆ ಎಂದು ಇಬ್ಬರು ಹೆಣ್ಣುಮಕ್ಕಳಿಗೂ ಹೇಳಿಬಿಟ್ಟ. ಅಸುಂತಾ ಮದುವೆಯಾಗಿ ತನ್ನ ಮನೆಗೆ ತಾನೇ ಒಡತಿಯಾಗಿ ಕ್ಯಾಸೆಟ್ ತಂದು ನೋಡಿದರೆ, ಅಯ್ಯೋ ಕರ್ಮವೇ, ಕಂಡದ್ದು ಒಂದು ಮೊಣಕೈ. ಟೀವಿ ಡಬ್ಬಿಗೆ ಹಿಡಿಸಲೆಂದು ಯಾರೋ ಪುಣ್ಯಾತ್ಮರು ಚಿತ್ರದ ಎರಡೂ ಪಕ್ಕ ಕತ್ತರಿಸಿದ್ದರು. ಎಡಗಡೆಯ ಕಟ್ಟಕಡೆಗೆ ನಿಂತು ಕುಣಿದಿದ್ದ ಅಸುಂತಾ, ಮೊಣಕೈ ಒಂದನ್ನು ಬಿಟ್ಟು ಉಳಿದೆಲ್ಲಾ ಕತ್ತರಿ ಪಾಲಾಗಿದ್ದಳು.

ಆದರೆ ಅಷ್ಟಕ್ಕೆ ಸುಮ್ಮನಾಗುವ ಹೆಂಗಸೇ ಅವಳು? ಸಲೂನಿಗೆ ಬಂದವರಿಗೆಲ್ಲ ಆ ಕತೆ ಹೇಳಿದಳು. ಡ್ರೈಯರ್ ಕೆಳಗೆ ತಲೆ ಸಿಕ್ಕಿಸಿಕೊಂಡು ಕೂತವರು ಎಲ್ಲಿಗೆ ಓಡಿಹೋದಾರು? ಅತಿ ಹೆಚ್ಚು ಕಾಡುತ್ತಿದ್ದವಳು ತಂಗಿ ರೋಸಾಲ್ಬಾ.

"ಆ ಮೊಣಕೈ ಮೇಲೆ ನಿನ್ನ ಹೆಸರು ಬರೆದಿತ್ತೇನೇ? ನಮ್ಮ ಕಸಾಯಿ ಅಂಗಡಿ ಮುದುಕೀದೂ ಹಂಗೇ ಇದೆ!"

"ನಾನೇ ಕಣೇ ಅದು! ಮ್ಯಾನ್‌ಹ್ಯಾಟನ್ನಿಂದ ಬಂದ ಮೀಸೆಯವನ ಜೊತೆ ಕುಣೀತಿದ್ದೆ."

"ಮೀಸೆಯವನು ಬೇರೆ! ಯಾವ ಬಟ್ಟೆ ಹಾಕಿದ್ದೆ, ಹೇಳು ನೋಡೋಣ."

ಬಟ್ಟೆಯ ಮಾತು ಬಂದರೆ ಮಾತ್ರ ಅಸುಂತಾಗೆ ತಟ್ಟನೆ ಒಲೆಯ ಮೇಲಿನ ಸಾಸ್ ನೆನಪಾಗುತ್ತಿತ್ತು, ಎದ್ದು ಓಡುತ್ತಿದ್ದಳು.

ಒಂದೇ ಮಾತಿನಲ್ಲಿ ತಂಗಿಯ ಬಾಯಿ ಮುಚ್ಚಿಸಬಹುದಿತ್ತು ಎನ್ನುವುದು ಅವಳಿಗೆ ಗೊತ್ತಿತ್ತು. ಅವತ್ತು ಜೊತೆಗೆ ಕುಣಿದವನಿಗೆ ಮೀಸೆಯೂ ಇರಲಿಲ್ಲ, ಮ್ಯಾನ್‌ಹ್ಯಾಟನ್ನೂ ಇರಲಿಲ್ಲ. ಅವನು ನುಂಜಿಯೊ, ರೋಸಾಲ್ಬಾಗೆ ಆಗಲೇ ಗೊತ್ತಾಗಿದ್ದ ವರ, ಈಗ ಗಂಡ. ಸಿನಿಮಾದವರು ಜೋಡಿ ಇಲ್ಲದವರನ್ನು ಹಿಡಿದು ಜೋಡಿ ಮಾಡಿಸಿದಾಗ ಭಾವೀ ಹೆಂಡತಿಯ ಅಕ್ಕನೇ ಅವನೆದುರಿಗೆ ಬಂದಿದ್ದಳು. ಮಾರನೇ ದಿನ ಅವನು, ಅವಳು ಆಗ ಕೆಲಸ ಕಲಿಯುತ್ತಿದ್ದ ಸಲೂನಿಗೆ ಓಡಿಬಂದು, "ನಾನಲ್ಲಿದ್ದೆ ಅಂತ ರೋಸಾಲ್ಬಾಗೆ ಮಾತ್ರ ಹೇಳಬೇಡ" ಎಂದು ಕೈ ಮುಗಿದಿದ್ದ. ಯಾಕೆ ಎಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಆಗಲಿ ಎಂದಿದ್ದಳು. ಆ ಒಂದು 'ಆಗಲಿ'ಗೆ ವರ್ಷಗಟ್ಟಲೆ ಸುಳ್ಳಿ ಎನ್ನಿಸಿಕೊಂಡಳು. ಬಾಯಿಬಡುಕಿ ಎಂದು ಊರೆಲ್ಲ ಕರೆಯುವ ಹೆಂಗಸು ಇಷ್ಟೊಂದು ಗಟ್ಟಿ ಎಂದು ಯಾರಿಗೆ ಗೊತ್ತು?

ಆ ನುಂಜಿಯೊ ಆಮೇಲೆ ತನ್ನ ಮದುವೆಯಲ್ಲೂ ಕುಣಿಯಲಿಲ್ಲ. ಮಂಡಿ ನೋವು ಎಂದ. ಯಾರ ಮದುವೆಗೆ ಹೋದರೂ ಮಂಡಿ ಹಿಡಿದುಕೊಂಡು ಕೂರುತ್ತಿದ್ದ. ಗಂಡ ಏಳದೆ ತಾನೇಕೆ ಎಂದು ರೋಸಾಲ್ಬಾ ಕುಣಿಯುವವರೆಲ್ಲರ ಕೈಚೀಲ ಕಾಯುತ್ತ ಕೂರುತ್ತಿದ್ದಳು.

ಸಿನಿಮಾಕ್ಕೆ ಇಪ್ಪತ್ತು ತುಂಬಿದಾಗ, ಚರ್ಚಿನ ಸೋರುವ ಮಾಡಿಗೆ ನಿಧಿ ಕೂಡಿಸಲು ಅದನ್ನೇ ನೆಲಮಾಳಿಗೆಯ ಹಾಲಿನಲ್ಲಿ ತೋರಿಸುವುದೆಂದು ತೀರ್ಮಾನವಾಯಿತು. ಕ್ಯಾಸೆಟ್ ಅಲ್ಲ, ನಿಜವಾದ ರೀಲು, ಪಕ್ಕ ಕತ್ತರಿಸದ ಚಿತ್ರ! ಪ್ರೊಜೆಕ್ಟರ್ ನುಂಜಿಯೊನ ಅಪ್ಪ ಜೆನ್ನಾರೊನದು. ಮುಚ್ಚಿಹೋದ ಥಿಯೇಟರಿನಲ್ಲಿ ಮುದುಕ ಅದನ್ನೇ ಓಡಿಸಿಕೊಂಡಿದ್ದ. ಈಗ ಮಗ ಓಡಿಸಬೇಕು.

ಭಾನುವಾರ ಪೂಜೆ ಮುಗಿದದ್ದೇ ತಡ, ಅಸುಂತಾ ಗೋಪುರದಂತೆ ಕೂದಲು ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಳು. ಸಾಸೇಜ್ ಬನ್ನು ತಿನ್ನುತ್ತಿದ್ದವರನ್ನೆಲ್ಲ ಕರೆಕರೆದು, "ಎಡಗಡೆ ನೋಡಿ, ಎಡಗಡೆ" ಎಂದು ಗೋಳು ಹೊಯ್ದುಕೊಂಡಳು. ಇವತ್ತು ನನ್ನನ್ನು ನಂಬದಿದ್ದರೆ ಇನ್ನೆಂದೂ ನಂಬುವುದಿಲ್ಲ ಎಂದು ಒಳಗೊಳಗೇ ಅಂದುಕೊಂಡಳು.

ಅಸಭ್ಯ ದೃಶ್ಯ ಬಂದಾಗ ಬೆಳಕಿಗೆ ಏನಾದರೂ ಅಡ್ಡ ಹಿಡಿ ಎಂದು ಪಾದ್ರಿ ನುಂಜಿಯೊಗೆ ತಾಕೀತು ಮಾಡಿದ್ದರು. ಅವನು ಪೇಪರ್ ತಟ್ಟೆ ಹಿಡಿದ. ಚಿತ್ರ ಮುಚ್ಚಿತು, ಮಾತು ಮುಚ್ಚಲಿಲ್ಲ. ಕಣ್ಣಿಗೆ ಉಪವಾಸ, ಕಿವಿಗೆ ಹಬ್ಬದೂಟ. ಕತ್ತಲಲ್ಲಿ ಕೂತ ಅಜ್ಜಿಯರು ಶಿಲುಬೆ ಹಾಕಿಕೊಳ್ಳುತ್ತಲೇ ಬಿದ್ದು ಬಿದ್ದು ನಕ್ಕರು.

ಕೊನೆಗೆ ಬಂತು ಕ್ಲಬ್ಬಿನ ದೊಡ್ಡ ಕುಣಿತ. ಹಾಡು ಶುರುವಾಯಿತು. ಅಸುಂತಾ ಕುರ್ಚಿಯ ಅಂಚಿಗೆ ಬಂದಳು. ಅಷ್ಟರಲ್ಲಿ ಪರದೆ ಕಪ್ಪಾಯಿತು.

"ನುಂಜಿಯೋ! ಕುಣೀತಿದಾರೆ ಅಷ್ಟೇ, ತಟ್ಟೆ ತೆಗಿ!"

ತಟ್ಟೆ ಅಲುಗಲಿಲ್ಲ. ಅಸುಂತಾ ದುಡುದುಡು ಪ್ರೊಜೆಕ್ಟರಿನ ಹತ್ತಿರ ಹೋಗಿ ತಟ್ಟೆಗೆ ಕೈ ಹಾಕಿದಳು.

ನುಂಜಿಯೊ ಬೆವತುಹೋಗಿದ್ದ. "ಬೇಡ ಅಸುಂತಾ. ನಿನ್ನೆ ಹಾಕಿ ನೋಡ್ದೆ. ನಿನ್ನ ಪಕ್ಕದಲ್ಲಿ ನಾನೂ ಇದೀನಿ" ಎಂದು ಪಿಸುಗುಟ್ಟಿದ.

ಅಸುಂತಾಳ ಕೈ ತಟ್ಟೆಯ ಮೇಲೇ ನಿಂತಿತು. ಎಳೆದರೆ ತಾನು ಗೆದ್ದಂತೆ. ಅವಳು ಅವನ ಮುಖ ನೋಡಿದಳು, ಆಮೇಲೆ ಕೈ ಹಿಂದೆ ತೆಗೆದುಕೊಂಡಳು. ಸಂಕಟವಾಯಿತು, ಅಳುವೂ ಬಂತು. ಆದರೂ ಬಂದ ದಾರಿಯಲ್ಲೇ ಹಿಂದಿರುಗಿದಳು.

"ಏನೇ, ಮೊಣಕೈಗೆ ಧೈರ್ಯ ಸಾಲ್ಲಿಲ್ವಾ?" ರೋಸಾಲ್ಬಾ ಎದ್ದಳು. "ಸುಳ್ಳು ಈಚೆ ಬರತ್ತೆ ಅಂತ ವಾಪಸ್ ಬಂದ್ಲು, ನೋಡ್ರೇ! ಇವತ್ತು ನಾನೇ ತೋರಿಸ್ತೀನಿ."

"ಬೇಡ ಕಣೇ, ಕೂತ್ಕೋ" ಎಂದು ಅಸುಂತಾ ತಂಗಿಯ ತೋಳು ಹಿಡಿದು ಜಗ್ಗಿದಳು. ಕೇಳುವವಳೇ ಅವಳು? ನೆಟ್ಟಗೆ ಹೋಗಿ ಗಂಡನ ಕೈಯಿಂದ ತಟ್ಟೆ ಕಿತ್ತುಕೊಂಡಳು.

ಪರದೆ ಬೆಳಗಿತು. ಎಡಗಡೆಯ ಕಟ್ಟಕಡೆಗೆ ಹಸಿರು ಫ್ರಾಕು ತೊಟ್ಟ ಅಸುಂತಾ, ಮೊಣಕೈ ಸಮೇತ, ಪೂರ್ತಿ ಇದ್ದಳು. ಅವಳೆದುರು, ಇನ್ನೂ ಅಂಚಿಗೆ, ನುಂಜಿಯೊ. ಮೂಳೆಯೇ ಇಲ್ಲದವನಂತೆ ಬಳುಕುತ್ತಿದ್ದ, ಬಗ್ಗುತ್ತಿದ್ದ, ಮಂಡಿಯೂರಿ ಗಿರ್ರನೆ ತಿರುಗಿ ಏಳುತ್ತಿದ್ದ.

ಅಕ್ಕನ ಮೇಲೆ ಅನುಮಾನಪಡಲು ರೋಸಾಲ್ಬಾಗೆ ಪುರುಸೊತ್ತೇ ಆಗಲಿಲ್ಲ. ಅವಳಿಗೆ ಕಂಡದ್ದು ಗಂಡನ ಮಂಡಿ.

"ಮಂಡಿ ನೋವು ಅಂದೆ" ಎಂದಳು ಮೆಲ್ಲಗೆ. "ಇಷ್ಟು ವರ್ಷ ನಾನು ಚೀಲ ಕಾಯ್ದೆ, ನುಂಜಿಯೋ."

ಯಾರೋ ದೀಪ ಹಾಕಿದರು. ನುಂಜಿಯೊ ತಲೆ ತಗ್ಗಿಸಿದ. "ಅವತ್ತು ಕುಣಿದು ಮನೆಗೆ ಹೋದ್ರೆ ಪಪ್ಪಂಗೆ ಹಾರ್ಟ್ ಅಟ್ಯಾಕ್ ಆಗಿತ್ತು. ನಾನು ಅಲ್ಲಿ ಮೆರೀತಿದ್ದೆ. ಪಪ್ಪ ಉಳಿದ್ರೆ ಜನ್ಮದಲ್ಲಿ ಕುಣಿಯಲ್ಲ ಅಂತ ದೇವಮಾತೆಗೆ ಹರಕೆ ಹೊತ್ತೆ. ಅದನ್ನ ಯಾವ ಬಾಯಲ್ಲಿ ಹೇಳ್ಲಿ?"

ಹಿಂದಿನ ಸಾಲಿನಲ್ಲಿ ಬನ್ನು ಅಗಿಯುತ್ತಿದ್ದ ಜೆನ್ನಾರೊ ಅಗಿಯುವುದನ್ನು ನಿಲ್ಲಿಸಿದ. "ನನ್ನ ಒಂದು ಮಾತು ಕೇಳ್ದೆ ನನ್ನ ಹೆಸರಲ್ಲಿ ಹರಕೆನಾ? ಕತ್ತೆ! ಮಾತೆ ಹತ್ರ ನಾನು ಮಾತಾಡ್ಕೋತೀನಿ, ಹೆಂಗೂ ಬೇಗನೆ ಭೇಟಿ ಆಗ್ಬೇಕು. ಹೆಂಡ್ತಿ ಕೈ ಹಿಡ್ಕೊಂಡು ಏಳೋ."

ರೀಲನ್ನು ಹಿಂದಕ್ಕೆ ಸುತ್ತಿ ಹಾಡು ಮತ್ತೆ ಹಾಕಿದರು. ನುಂಜಿಯೊ ಮೊದಮೊದಲು ಪ್ರತಿ ಸುತ್ತಿಗೂ ಅಪ್ಪನಿಗೆ ಉಸಿರಿದೆಯೇ ಎಂದು ತಿರುಗಿ ನೋಡಿದ. ಅಪ್ಪ ಬನ್ನು ಎತ್ತಿ ತೋರಿಸಿದ. ಆಮೇಲೆ ಅವನು ನೋಡುವುದನ್ನು ಬಿಟ್ಟ. ಹಾಲಿಗೆ ಹಾಲೇ ಅವರಿಬ್ಬರನ್ನು ನೋಡುತ್ತ ನಿಂತಿತು. ಪರದೆಯ ಮೇಲಿದ್ದ ಅಸುಂತಾಳನ್ನು ಯಾರೂ ನೋಡಲಿಲ್ಲ. ಅವಳು ತಂಗಿಯ ಕೈಚೀಲ ಕಾಯುತ್ತ ಕೂತಿದ್ದಳು.

ಹಾಡು ಮುಗಿದ ಮೇಲೆ ರೋಸಾಲ್ಬಾ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕುಸಿದಳು.

"ನೀನಿದ್ದೆ ಕಣೇ" ಎಂದಳು. "ನಾನೇ ಕಣ್ಣಾರೆ ನೋಡ್ದೆ."

ಅಸುಂತಾ ಇಷ್ಟು ವರ್ಷ ಕಾದದ್ದು ಈ ಮಾತಿಗೇ. ಅವಳು ಚೀಲದಲ್ಲಿ ಕರವಸ್ತ್ರ ಹುಡುಕುವಾಗ ರೋಸಾಲ್ಬಾ ಅವಳ ಕಿವಿಯ ಹತ್ತಿರ ಬಗ್ಗಿದಳು.

"ಆದ್ರೆ ಆ ಹಸಿರು ಫ್ರಾಕು ನಂದಲ್ವೇನೇ? ಯಾರೋ ಕದ್ರು ಅಂತ ನಾನು ಅತ್ತೂ ಅತ್ತೂ ಊಟ ಬಿಟ್ಟಿದ್ದೆ!"

ಅಸುಂತಾ ಮೂಗು ಒರೆಸಿಕೊಂಡಳು.

"ಫ್ರಾಕು ನಿಂದೇ ಕಣೇ. ಮೊಣಕೈ ಮಾತ್ರ ನಂದು."